ಪೋಸ್ಟರ್ ಅಕ್ಷರ ಎಷ್ಟು ದೊಡ್ಡದಿರಬೇಕು? ಒಂದು ಎ4 ಹಾಳೆ ಸಾಕು, ಗೊತ್ತಾಗುತ್ತದೆ

ನಮಸ್ಕಾರ ಎಲ್ಲರಿಗೂ. ಹೋದ ವಾರ ಒಬ್ಬ ವೀಕ್ಷಕಿ ಮೆಸೇಜ್ ಹಾಕಿದ್ದರು. ಎಂಎಸ್ಸಿ ಕೊನೆಯ ವರ್ಷ, ಮೊದಲ ಸಲ ಕಾನ್ಫರೆನ್ಸಿಗೆ ಹೊರಟಿದ್ದಾರೆ. "ಅಣ್ಣಾ, ಪೋಸ್ಟರ್‌ನಲ್ಲಿ ಅಕ್ಷರ 24 ಪಾಯಿಂಟ್ ಸಾಕು ಅಂತಾರೆ ಗೈಡ್. ಸೀನಿಯರ್ 36 ಇಡು ಅಂತಾನೆ. ಯಾರ ಮಾತು ಕೇಳಲಿ?" (ಪಾಯಿಂಟ್ ಅಂದರೆ ಕಂಪ್ಯೂಟರಿನಲ್ಲಿ ಅಕ್ಷರದ ಗಾತ್ರ ಹೇಳುವ ಅಳತೆ.)

ಇದು ಸಣ್ಣ ಪ್ರಶ್ನೆ ಅನ್ನಿಸಿತ್ತು. ಉತ್ತರ ಹುಡುಕುತ್ತಾ ಹೋದೆ, 1786ಕ್ಕೆ ಹೋಗಿ ನಿಂತೆ.

ಮೊದಲು ಗೊತ್ತಿರಬೇಕಾದ್ದು ಬೇಗ ಮುಗಿಸೋಣ. ಕಾನ್ಫರೆನ್ಸಿನಲ್ಲಿ ಕೆಲವರಿಗೆ ವೇದಿಕೆ ಸಿಗುತ್ತದೆ, ಉಳಿದವರಿಗೆ ಒಂದು ಬೋರ್ಡ್ ಸಿಗುತ್ತದೆ. ಬೋರ್ಡಿಗೆ ತಮ್ಮ ಸಂಶೋಧನೆಯ ಪೋಸ್ಟರ್ ಅಂಟಿಸಿ ಪಕ್ಕದಲ್ಲಿ ನಿಲ್ಲಬೇಕು, ಬಂದವರಿಗೆ ವಿವರಿಸಬೇಕು. ಎಷ್ಟೋ ಕಡೆ ಪೋಸ್ಟರ್ ಅಳತೆ ಎ0 ಇರುತ್ತದೆ, ಅಂದರೆ 841 ಮಿಲಿಮೀಟರ್ ಅಗಲ, 1189 ಎತ್ತರ. ಇಷ್ಟು ಸಾಕು.

[ಸ್ಕ್ರೀನ್ ಮೇಲೆ: ದೊಡ್ಡ ಹಾಳೆಯನ್ನು ಅರ್ಧಕ್ಕೆ, ಮತ್ತೆ ಅರ್ಧಕ್ಕೆ ಮಡಚುವ ಕೈಗಳು]

ಈಗ ಇದನ್ನು ನೋಡಿ. ಎ0 ಹಾಳೆಯ ವಿಸ್ತೀರ್ಣ ಒಂದು ಚದರ ಮೀಟರ್. ಅರ್ಧಕ್ಕೆ ಮಡಚಿದೆ, ಎ1 ಆಯಿತು. ಮತ್ತೆ ಮಡಚಿದೆ, ಎ2. ಇನ್ನೊಂದು ಸಲ, ಎ3. ನಾಲ್ಕನೆಯ ಸಲ ಮಡಚಿದರೆ ಕೈಯಲ್ಲಿರುವುದು ಎ4, ಝೆರಾಕ್ಸ್ ಅಂಗಡಿಯಲ್ಲಿ ದಿನಾ ನೋಡುವ ಅದೇ ಹಾಳೆ. ಎಷ್ಟು ಸಲ ಮಡಚಿದರೂ ಆಕಾರ ಬದಲಾಗಲಿಲ್ಲ, ನೋಡಿದಿರಾ? ಬೇರೆ ಯಾವುದಾದರೂ ಹಾಳೆ, ನಿಮ್ಮ ಮನೆಯ ಮದುವೆ ಕಾಗದವನ್ನೇ ತಗೊಳ್ಳಿ, ಅರ್ಧಕ್ಕೆ ಮಡಚಿದರೆ ಸಾಮಾನ್ಯವಾಗಿ ಒಂದೋ ಉದ್ದುದ್ದ ಆಗುತ್ತದೆ ಇಲ್ಲಾ ಚೌಕದ ಹತ್ತಿರ ಬರುತ್ತದೆ. ಉದ್ದ ಮತ್ತು ಅಗಲದ ಅನುಪಾತ ಎರಡರ ವರ್ಗಮೂಲ, ಅಂದರೆ ಸುಮಾರು 1.414 ಇದ್ದರೆ ಮಾತ್ರ ಆಕಾರ ಹಾಗೇ ಉಳಿಯುತ್ತದೆ.

ಜರ್ಮನಿಯ ಗಟ್ಟಿಂಗನ್‌ನಲ್ಲಿ ಲಿಕ್ಟನ್‌ಬರ್ಗ್ ಅಂತ ಒಬ್ಬರು ಭೌತಶಾಸ್ತ್ರದ ಮೇಷ್ಟ್ರು ಇದ್ದರು. ಎಷ್ಟು ಮಡಚಿದರೂ ಆಕಾರ ಕೆಡದ ಹಾಳೆ ಯಾವುದು ಅಂತ ಬೀಜಗಣಿತ ಕಲಿಯಲು ಬರುತ್ತಿದ್ದ ಒಬ್ಬ ಹುಡುಗನಿಗೆ ಲೆಕ್ಕ ಕೊಟ್ಟರು. ಉತ್ತರ ಬಂತು. ಸರಿ, ಆ ಅಳತೆಗೆ ಒಂದು ಹಾಳೆ ಕತ್ತರಿಸೋಣ ಅಂತ ನೋಡಿದರೆ, ಎದುರಿಗಿದ್ದ ಮಾಮೂಲಿ ಬರೆಯುವ ಹಾಳೆಗೆ ಆಗಲೇ ಅದೇ ಅನುಪಾತ ಇತ್ತು! ಕತ್ತರಿ ಹಾಕುವ ಕೆಲಸವೇ ಬೀಳಲಿಲ್ಲ. 1786ರಲ್ಲಿ ಸ್ನೇಹಿತರಿಗೆ ಬರೆದ ಪತ್ರದಲ್ಲಿ ಇದನ್ನು ಖುಷಿಯಿಂದ ಹೇಳಿಕೊಂಡಿದ್ದಾರೆ. ಅದೇ ಜರ್ಮನಿಯಲ್ಲಿ 1922ರಲ್ಲಿ ಎ ಸರಣಿ ಅಧಿಕೃತ ಅಳತೆ ಆಯಿತು. ಈ ಪತ್ರದ ಕಥೆ ನನಗೆ ತುಂಬಾ ಇಷ್ಟ, ಅದಕ್ಕೇ ಇಷ್ಟು ಹೊತ್ತು ಹೇಳಿದೆ.

ಇದರಿಂದ ಪೋಸ್ಟರ್ ಮಾಡುವವರಿಗೆ ಏನು ಲಾಭ? ಎ4 ಅನ್ನುವುದು ಎ0ಯ ಪಕ್ಕಾ ಕಾಲು ಭಾಗದ ಅಳತೆ. ಅಗಲವೂ ಕಾಲು, ಎತ್ತರವೂ ಕಾಲು, ಅಕ್ಷರವೂ ಕಾಲು. ಹಾಗಾಗಿ ಪೋಸ್ಟರನ್ನು ಎ4ಗೆ ಪ್ರಿಂಟ್ ತೆಗೆದು ಅರ್ಧ ಮೀಟರ್ ದೂರ ಹಿಡಿದು ನೋಡಿದರೆ, ಎರಡು ಮೀಟರ್ ದೂರದಲ್ಲಿ ನಿಂತವರಿಗೆ ಎ0 ಹೇಗೆ ಕಾಣುತ್ತದೋ ಹಾಗೇ ಕಾಣುತ್ತದೆ. ಸಾವಿರಗಟ್ಟಲೆ ಕೊಟ್ಟು ದೊಡ್ಡದು ಪ್ರಿಂಟ್ ಮಾಡಿಸುವ ಮುಂಚೆಯೇ ಕೆಲವೇ ರೂಪಾಯಿಯಲ್ಲಿ ಪರೀಕ್ಷೆ ಮುಗಿಯಿತು.

ಈಗ ಲೆಕ್ಕ ಹಾಕಿ. 24 ಪಾಯಿಂಟ್ ಅಕ್ಷರ ಎ4ನಲ್ಲಿ 6 ಪಾಯಿಂಟ್ ಆಗುತ್ತದೆ. ಮಾತ್ರೆ ಡಬ್ಬಿಯೊಳಗೆ ಮಡಚಿಟ್ಟ ಚೀಟಿ ಇರುತ್ತದಲ್ಲ, ಆ ಥರ. 36 ಪಾಯಿಂಟ್ 9 ಆಗುತ್ತದೆ, ದಿನಪತ್ರಿಕೆಯ ಅಕ್ಷರದ ಹತ್ತಿರ. ನಿಮ್ಮ ಸೀನಿಯರ್ ಹೇಳಿದ್ದೇ ಸರಿ. ಕನ್ನಡದಲ್ಲಿ ಪೋಸ್ಟರ್ ಮಾಡುವುದಾದರೆ ಇನ್ನೂ ಸ್ವಲ್ಪ ದೊಡ್ಡದಿಡಿ, ಸಾಲುಗಳ ನಡುವೆ ಜಾಗವನ್ನೂ ಜಾಸ್ತಿ ಬಿಡಿ. 'ರಾಷ್ಟ್ರ' ಅಂತ ಬರೆದರೆ ಎರಡು ಒತ್ತು ಕೆಳಗೆ ಇಳಿಯುತ್ತವೆ, ಕೆಳಗಿನ ಸಾಲಿನ ಗುಡಿಸು ಮೇಲೆ ಬಂದು ಅವಕ್ಕೆ ಮುಟ್ಟುತ್ತದೆ, ದೂರದಿಂದ ಎರಡೂ ಸೇರಿ ಮಸಿ ಚೆಲ್ಲಿದ ಹಾಗೆ ಕಾಣುತ್ತದೆ.

"36 ಇಟ್ಟರೆ ನನ್ನ ಕೆಲಸ ಎಲ್ಲಾ ಹಿಡಿಸುವುದಿಲ್ಲ" ಅಂತೀರಿ. ಹಿಡಿಸಬೇಡಿ! ಎರಡು ವರ್ಷ ಕಷ್ಟಪಟ್ಟ ಕೆಲಸದಲ್ಲಿ ಒಂದು ಸಾಲು ಬಿಡುವುದಕ್ಕೂ ಹೊಟ್ಟೆ ಉರಿಯುತ್ತದೆ, ನನಗೆ ಅರ್ಥ ಆಗುತ್ತದೆ. ಆದರೆ ಕೈಯಲ್ಲಿ ಟೀ ಲೋಟ ಹಿಡಿದು, ಕೊರಳಲ್ಲಿ ಬ್ಯಾಡ್ಜ್ ಹಾಕಿಕೊಂಡು, ನಡೆಯುತ್ತಲೇ ಕಣ್ಣು ಹಾಯಿಸುವವರು ನಿಮ್ಮ ಓದುಗರು. 2019ರಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಮನಶ್ಶಾಸ್ತ್ರದ ಪಿಎಚ್‌ಡಿ ಮಾಡುತ್ತಿದ್ದ ಮೈಕ್ ಮಾರಿಸನ್ ಇದನ್ನೇ ಹಿಡಿದು ಒಂದು ವಿಡಿಯೋ ಮಾಡಿದರು, ಅದು ಎಲ್ಲ ಕಡೆ ಹರಡಿತು. ಅವರ ಮಾದರಿಯಲ್ಲಿ ಪೋಸ್ಟರಿನ ನಡುವೆ ಒಂದೇ ವಾಕ್ಯ, ದೊಡ್ಡ ಅಕ್ಷರದಲ್ಲಿ, ಎಲ್ಲರಿಗೂ ತಿಳಿಯುವ ಮಾತಿನಲ್ಲಿ. ಪಕ್ಕದಲ್ಲಿ ಕ್ಯೂಆರ್ ಕೋಡ್. ವಿವರಗಳೆಲ್ಲ ಅಂಚಿನ ಪಟ್ಟಿಗಳಲ್ಲಿ.

ಉದಾಹರಣೆಗೆ ಅಂತ ಇಟ್ಟುಕೊಳ್ಳಿ, "ರಾಗಿ ಬೆಳೆಯಲ್ಲಿ ಸೂಕ್ಷ್ಮ ಪೋಷಕಾಂಶ ನಿರ್ವಹಣೆಯ ಪರಿಣಾಮಗಳು: ಒಂದು ಅಧ್ಯಯನ" ಅನ್ನುವ ಜಾಗದಲ್ಲಿ "ಸತು ಕೊಟ್ಟ ಹೊಲದಲ್ಲಿ ರಾಗಿ ಹೆಚ್ಚು ಬಂತು". ಎರಡನೆಯದಕ್ಕೆ ಜನ ನಿಲ್ಲುತ್ತಾರೆ, "ಎಷ್ಟು ಕೊಟ್ಟಿರಿ?" ಅಂತ ಕೇಳುತ್ತಾರೆ. ಮಾತು ಶುರುವಾಯಿತು, ಅಲ್ವಾ? ಮಾರಿಸನ್ ಮಾದರಿಯಲ್ಲಿ ನನಗೆ ಒಪ್ಪಿಗೆ ಆಗದ್ದು ಒಂದೇ, ಗ್ರಾಫನ್ನು ಮೂಲೆಗೆ ತಳ್ಳುವುದು. ನಿಮ್ಮ ಫಲಿತಾಂಶ ಒಂದು ಒಳ್ಳೆಯ ಚಿತ್ರದಲ್ಲೇ ಇದ್ದರೆ ಆ ವಾಕ್ಯದ ಕೆಳಗೇ ದೊಡ್ಡದಾಗಿ ಹಾಕಿ.

ಸಮಯ ಆಗುತ್ತಿದೆ, ಉಳಿದದ್ದು ಒಟ್ಟಿಗೆ ಹೇಳಿಬಿಡುತ್ತೇನೆ. ಯಾವ ಫಾಂಟ್ ಅಂತ ತಲೆ ಕೆಡಿಸಿಕೊಳ್ಳಬೇಡಿ. 2012ರ ಜುಲೈ 4ರಂದು ಯುರೋಪಿನ ದೊಡ್ಡ ಭೌತವಿಜ್ಞಾನ ಪ್ರಯೋಗಾಲಯ ಸರ್ನ್‌ನಲ್ಲಿ ಹಿಗ್ಸ್ ಕಣ ಸಿಕ್ಕಿದ ಸುದ್ದಿ ಹೇಳುವಾಗ ವಿಜ್ಞಾನಿ ಫಾಬಿಯೋಲಾ ಜಿಯಾನೊಟ್ಟಿ ಅವರ ಸ್ಲೈಡುಗಳು, ಮಕ್ಕಳಾಟದ ಫಾಂಟ್ ಅಂತ ಜನ ಆಡಿಕೊಳ್ಳುವ ಕಾಮಿಕ್ ಸಾನ್ಸ್‌ನಲ್ಲಿದ್ದವು. ಕೆಂಪು-ಹಸಿರು ಗೆರೆಗಳನ್ನು ಅಕ್ಕಪಕ್ಕ ಹಾಕಬೇಡಿ, ಆ ಎರಡರ ವ್ಯತ್ಯಾಸ ಕಾಣದವರು ಗಂಡಸರಲ್ಲಿ ಸಾಕಷ್ಟು ಜನ ಇದ್ದಾರೆ; ನೀಲಿ-ಕಿತ್ತಳೆ ಒಳ್ಳೆಯದು. ಪ್ರಿಂಟಿಗೆ ಪಿಡಿಎಫ್ ಮಾತ್ರ ಕೊಡಿ, ಫಾಂಟ್ ಅದರೊಳಗೇ ಸೇರಿರಲಿ. ಯುನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡ ಶೀರ್ಷಿಕೆ ಅಂಗಡಿಯ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ತೆರೆದುಕೊಂಡದ್ದನ್ನು ನಾನೇ ನೋಡಿದ್ದೇನೆ, ಮರುದಿನ ಬೆಳಿಗ್ಗೆ ಕಾನ್ಫರೆನ್ಸ್ ಇತ್ತು.

ಭಾಷಣ ಸಿಕ್ಕವರಿಗೆ: ಅಮೆರಿಕದ ಭೌತವಿಜ್ಞಾನಿಗಳ ಮಾರ್ಚ್ ಸಭೆಯಲ್ಲಿ ಮಾಮೂಲಿ ಭಾಷಣಕ್ಕೆ 10 ನಿಮಿಷ, ಪ್ರಶ್ನೆಗೆ 2 ನಿಮಿಷ ಸಿಗುತ್ತಿತ್ತು. ಅಷ್ಟೇ. ನಿಮಿಷಕ್ಕೊಂದು ಸ್ಲೈಡಿಗಿಂತ ಜಾಸ್ತಿ ಬೇಡ. ಮನೆಯಲ್ಲಿ ಎದ್ದು ನಿಂತು, ಗಟ್ಟಿಯಾಗಿ, ಫೋನಿನಲ್ಲಿ ಟೈಮರ್ ಇಟ್ಟು ಹೇಳಿ ನೋಡಿ. ಮೊದಲ ಎರಡು ವಾಕ್ಯ ಬಾಯಿಪಾಠ ಇರಲಿ, ಕೈ ನಡುಗುವುದು ಆಗಲೇ.

ಇನ್ನು ಪ್ರಶ್ನೆ ಕೇಳಿದ ತಂಗಿಗೆ: ಪೋಸ್ಟರನ್ನು ಅಂಗಡಿಗೆ ಕೊಡುವ ಮುಂಚೆ ಎ4 ಪ್ರಿಂಟ್ ಒಂದು ತೆಗೆಯಿರಿ. ಮನೆಯಲ್ಲಿ ಚಾಳೀಸು ಬಂದವರು ಯಾರಿದ್ದಾರೋ ಅವರ ಕೈಗೆ ಕೊಡಿ, ಕನ್ನಡಕ ಹಾಕಿಕೊಂಡೇ ಓದಲಿ. ಎಲ್ಲಿ ಹಾಳೆಯನ್ನು ಕಣ್ಣಿನ ಹತ್ತಿರಕ್ಕೆ ತರುತ್ತಾರೋ ಅಲ್ಲಿ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ. ಆ ಹಾಳೆಯ ಫೋಟೋ ನನಗೂ ಕಳಿಸಿ.