ಸತ್ತವರು ಯಾರು, ಬದುಕಿದವರು ಯಾರು

ಮಡಿಕೇರಿಯಲ್ಲಿ ನಿಂತು ಯುದ್ಧದ ಸಿನಿಮಾಗಳ ಬಗ್ಗೆ ಮಾತಾಡಲು ಅಳುಕಾಗುತ್ತದೆ. ಮುಂದಿನ ಸಾಲಿನಲ್ಲೇ ಯುದ್ಧ ಕಂಡ ಹಿರಿಯರಿದ್ದೀರಿ. ಆದರೂ ಒಂದು ಮಾತು ಹೇಳದೆ ಇರಲಾರೆ. ನಿರ್ದೇಶಕರು ಮಳೆ ಸುರಿಸಲಿ, ಹಾಡು ಹಾಕಲಿ, ಜವಾನರ ಬಾಯಲ್ಲಿ ಉದ್ದುದ್ದ ಸಂಭಾಷಣೆ ಆಡಿಸಲಿ, ನನ್ನ ತಕರಾರಿಲ್ಲ. ನಿಜವಾದ ಹೆಸರಿಟ್ಟು ಕತೆ ಹೇಳುವಾಗ ಸಾವು-ಬದುಕನ್ನು ಮಾತ್ರ ತಿದ್ದಬಾರದು.

ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ ಕಾದಾಟ ನಡೆದ ರಾಜಸ್ಥಾನದ ಗಡಿ ಠಾಣೆ ಲೋಂಗೆವಾಲಾ ನಿಮಗೆ ಗೊತ್ತು. ಅದರ ಮೇಲಿನ ‘ಬಾರ್ಡರ್’ ಚಿತ್ರವನ್ನೂ ನೋಡಿರುತ್ತೀರಿ, 1997ರದ್ದು. ಪರದೆಯ ಮೇಲೆ ನಮ್ಮವರು ಒಬ್ಬರ ಹಿಂದೊಬ್ಬರು ಬೀಳುತ್ತಾರೆ, ಥಿಯೇಟರಿನಲ್ಲಿ ಜನ ಬಿಕ್ಕುತ್ತಾರೆ, ನಾನೂ ಬಿಕ್ಕಿದ್ದೇನೆ. ಆದರೆ 1971ರ ಡಿಸೆಂಬರ್ 4ರ ಆ ರಾತ್ರಿ ಮೇಜರ್ ಕುಲದೀಪ್ ಸಿಂಗ್ ಚಾಂದಪುರಿಯವರ ಜೊತೆಗಿದ್ದ ಸುಮಾರು 120 ಜನರಲ್ಲಿ ಪ್ರಾಣ ಕೊಟ್ಟವರು ಇಬ್ಬರು.

ಇಬ್ಬರೇ ಎಂದರೆ ಕತೆ ಸಪ್ಪೆಯಾಗುತ್ತದೆಯೇ? ನಡೆದದ್ದನ್ನು ಕೇಳಿ. ಠಾಣೆಯ ಮುಂದೆ ಮುಳ್ಳುತಂತಿ ಕಂಡಿತು. ಅದರಾಚೆ ಮೈನ್ ಹೂತಿರಬೇಕೆಂದು ಪಾಕಿಸ್ತಾನದ ಟ್ಯಾಂಕುಗಳು ನಿಂತುಬಿಟ್ಟವು. ಆ ಅನುಮಾನದಲ್ಲೇ ಗಂಟೆಗಳು ಹೋದವು. ದಾರಿ ಬಿಟ್ಟು ಇಳಿದವು ಮರಳಲ್ಲಿ ಸಿಕ್ಕಿಬಿದ್ದವು. ಇತ್ತ ಜೈಸಲ್ಮೇರ್‌ನಲ್ಲಿದ್ದ ನಮ್ಮ ವಾಯುಪಡೆಯ ಹಂಟರ್ ವಿಮಾನಗಳಿಗೆ ಕತ್ತಲಲ್ಲಿ ಹೋರಾಡುವ ಉಪಕರಣವಿಲ್ಲ. ಬೆಳಕು ಹರಿಯುವ ತನಕ ಠಾಣೆ ಉಳಿಯಬೇಕು, ಅಷ್ಟೇ. ಡಿಸೆಂಬರಿನ ಥಾರ್ ಚಳಿ ಬಲ್ಲವರು ಇಲ್ಲಿದ್ದೀರಿ, ತಲೆದೂಗುತ್ತಿದ್ದೀರಿ. ಆ ಕಾಯುವಿಕೆಗಿಂತ ಎದೆ ಹಿಂಡುವ ದೃಶ್ಯವನ್ನು ಯಾವ ಚಿತ್ರಕಥೆಗಾರ ಹೊಸದಾಗಿ ಹುಟ್ಟಿಸಬೇಕಿತ್ತು?

ಅದೇ ಠಾಣೆಯಲ್ಲಿ ಗಡಿ ಭದ್ರತಾ ಪಡೆ ಬಿಎಸ್‌ಎಫ್‌ನ ಭೈರೋನ್ ಸಿಂಗ್ ರಾಥೋಡ್ ಇದ್ದರು. ಸಿನಿಮಾದ ಭೈರೋನ್ ಸಿಂಗ್ ಟ್ಯಾಂಕ್ ಸಿಡಿಸಿ ಸಾಯುತ್ತಾನೆ. ನಿಜವಾದ ಭೈರೋನ್ ಸಿಂಗ್ ಸೇನಾ ಪದಕ ಪಡೆದು, ನಿವೃತ್ತರಾಗಿ, ಜೋಧಪುರ ಜಿಲ್ಲೆಯ ತಮ್ಮ ಊರಿನಲ್ಲಿ ಬಾಳಿದರು. ಅವರು ತೀರಿಕೊಂಡದ್ದು 2022ರ ಡಿಸೆಂಬರಿನಲ್ಲಿ. ಚಿತ್ರ ಬಂದು 25 ವರ್ಷ! ಅಷ್ಟೂ ಕಾಲ ದೇಶದ ಪಾಲಿಗೆ ಅವರು ಹುತಾತ್ಮ. ಮನೆಯಲ್ಲಿ ಕಾಫಿ ಕುಡಿಯುತ್ತ ಕೂತ ಮನುಷ್ಯನಿಗೆ ಊರೆಲ್ಲ ಹಾರ ಹಾಕಿದರೆ ಹೇಗಿರುತ್ತದೆ, ನೀವೇ ಯೋಚಿಸಿ. ಅದಕ್ಕೇ ಮತ್ತೆ ಹೇಳುತ್ತೇನೆ, ಹೆಸರು ನಿಜವಾಗಿದ್ದರೆ ಸಾವು-ಬದುಕೂ ನಿಜವಾಗಿರಬೇಕು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಆದರೆ ಈ ಊರಿನಲ್ಲಿ ವಾಯುಪಡೆಯ ಅಜ್ಜಮಾಡ ದೇವಯ್ಯನವರ ಹೆಸರೆತ್ತದೆ ಹೇಗೆ ಇಳಿಯಲಿ? 1965ರ ಸೆಪ್ಟೆಂಬರ್ 7, ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ನಮ್ಮ ದಾಳಿ. ಮೀಸಲು ಪೈಲಟ್ ಆಗಿದ್ದವರು ಹೊರಟರು. ತಮ್ಮ ಮಿಸ್ಟೇರ್ ವಿಮಾನಕ್ಕಿಂತ ಎಷ್ಟೋ ವೇಗದ, ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವನ್ನು ಕೆಡವಿದರು, ಮರಳಲಿಲ್ಲ. ಏನಾಯಿತೆಂದು ಇಲ್ಲಿ ಯಾರಿಗೂ ತಿಳಿದಿರಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷದ ಮೇಲೆ. ಅವರ ಸಾಹಸವನ್ನು ಆಧರಿಸಿದ ‘ಸ್ಕೈ ಫೋರ್ಸ್’ 2025ರಲ್ಲಿ ಬಂತು. ಅದರಲ್ಲಿ ಪೈಲಟ್‌ಗೆ ಬೇರೆಯೇ ಹೆಸರು. ಅಲ್ಲಿ ಬದುಕಿದ್ದವರನ್ನು ಹೆಸರಿಟ್ಟೇ ಸಾಯಿಸಿದರು. ಇಲ್ಲಿ ಸತ್ತವರಿಗೆ ಅವರ ಹೆಸರೂ ಸಿಗಲಿಲ್ಲ. 23 ವರ್ಷ ಕಾದ ಹೆಸರದು. ನನಗೆ ನೋವಾಗುವುದು ಇಲ್ಲಿ.

ಚೀಟಿ ಬಂತು. ‘ಮುತ್ತಿನ ಹಾರ’ದ ಬಗ್ಗೆ ವಿವರವಾಗಿ ಹೇಳಬೇಕೆಂದಿದ್ದೆ. ಅಲ್ಲಿ ಅಚ್ಚಪ್ಪ ಕಲ್ಪನೆಯ ಯೋಧ, ಹಾಗಾಗಿ ನಿರ್ದೇಶಕರು ಅವನ ಬದುಕನ್ನು ಹೇಗೆ ಬೇಕಾದರೂ ನಡೆಸಬಹುದಿತ್ತು. ಉಳಿದದ್ದನ್ನು ಊಟದ ಹೊತ್ತಿಗೆ ಮಾತಾಡೋಣ. ನಮಸ್ಕಾರ.