ಎರಡೇ ಇದ್ದರೆ ಅರ್ಧವೇ?

ಕೇಳುಗರೆಲ್ಲರಿಗೂ ನಮಸ್ಕಾರ. ಈ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ರೇಡಿಯೊ ಹಾಕಿಕೊಂಡು ಅಕ್ಕಿರೊಟ್ಟಿ ತಟ್ಟುತ್ತಿರುವ ತಾಯಂದಿರು, ತೋಟಕ್ಕೆ ಹೊರಟವರು, ಶಾಲೆಯ ದಾರಿಯಲ್ಲಿ ಬಸ್ಸಿನಲ್ಲಿ ಕುಳಿತಿರುವ ಗಣಿತದ ಮೇಷ್ಟ್ರುಗಳು, ಇವರನ್ನೆಲ್ಲ ಕಣ್ಣ ಮುಂದಿಟ್ಟುಕೊಂಡು ಮಾತನಾಡುತ್ತೇನೆ. ವಿಷಯ ಸಂಭವನೀಯತೆ, ಅಂದರೆ ಒಂದು ಸಂಗತಿ ನಡೆಯುವ ಸಾಧ್ಯತೆ ಎಷ್ಟು ಎಂಬ ಲೆಕ್ಕ. ಹೆಸರು ಕೇಳಿದ ಕೂಡಲೇ ರೇಡಿಯೊ ಆರಿಸಬೇಡಿ. ನಾನು ಹೇಳಬೇಕೆಂದಿರುವುದು ಒಂದೇ ಮಾತು: ಎಣಿಸುವ ಮೊದಲು 'ಇವೆಲ್ಲ ಸಮವೇ?' ಎಂದು ಕೇಳಿ.

ಸೂತ್ರ ಸುಲಭ. ನಮಗೆ ಬೇಕಾದ ಫಲಿತಗಳ ಸಂಖ್ಯೆ ಮೇಲೆ, ಒಟ್ಟು ಫಲಿತಗಳ ಸಂಖ್ಯೆ ಕೆಳಗೆ. ದಾಳ ಉರುಳಿಸಿದರೆ ಐದು ಬೀಳುವ ಸಂಭವನೀಯತೆ 1/6. ಮಕ್ಕಳು ಇದನ್ನು ಒಂದೇ ಪೀರಿಯಡ್ಡಿನಲ್ಲಿ ಕಲಿಯುತ್ತಾರೆ, ನಾವೂ ಪಾಠ ಮುಗಿಯಿತೆಂದು ಡೈರಿಯಲ್ಲಿ ಬರೆದುಬಿಡುತ್ತೇವೆ. ಮುಗಿದಿರುವುದಿಲ್ಲ. 'ನಾಳೆ ಮಳೆ ಬರುವ ಸಂಭವನೀಯತೆ ಎಷ್ಟು?' ಎಂದು ಕೇಳಿ ನೋಡಿ. 'ಬರುತ್ತದೆ ಅಥವಾ ಬರುವುದಿಲ್ಲ, ಎರಡೇ ಫಲಿತ, ಆದ್ದರಿಂದ ಅರ್ಧ' ಎನ್ನುವ ಜಾಣರು ಪ್ರತಿ ತರಗತಿಯಲ್ಲೂ ಇರುತ್ತಾರೆ. ಜುಲೈ ತಿಂಗಳಲ್ಲಿ ಭಾಗಮಂಡಲದ ಸಂಗಮ ಉಕ್ಕಿ ರಸ್ತೆಗೆ ಬಂದಾಗಲೂ ಅರ್ಧ, ಜನವರಿಯಲ್ಲಿ ಕಣದ ತುಂಬ ಕಾಫಿ ಒಣಗಲು ಹಾಕಿರುವಾಗಲೂ ಅರ್ಧವೇ? ಹಾಗಿದ್ದರೆ ಕೊಡಗಿನಲ್ಲಿ ಯಾರೂ ಕಾಫಿ ಒಣಗಿಸುವ ಧೈರ್ಯ ಮಾಡುತ್ತಿರಲಿಲ್ಲ. ಫಲಿತ ಎರಡಿರುವುದು ನಿಜ. ಆ ಎರಡೂ ಸಮವೇ? ಪ್ರಶ್ನೆ ಅದು.

ಇದನ್ನು ಕಲಿಸಲು ನನಗೆ ಬಹಳ ಇಷ್ಟವಾದ ಒಂದು ಉಪಾಯವಿದೆ. ವಿರಾಜಪೇಟೆ ಕಡೆಯ ಒಂದು ಶಾಲೆಯಲ್ಲಿ ಮೊದಲ ಸಲ ಮಾಡಿದ್ದು. ಆಗ ಕೊಯ್ಲಿನ ಕಾಲ. ಮನೆಯಿಂದ ಒಂದೊಂದು ಹಿಡಿ ಕಾಫಿ ಬೀಜ ತನ್ನಿ ಎಂದಿದ್ದೆ. ಹುರಿದದ್ದಲ್ಲ, ಸಿಪ್ಪೆ ತೆಗೆದ ಹಸಿರು ಬೀಜ. ಕಾಫಿ ಹಣ್ಣಿನೊಳಗೆ ಸಾಮಾನ್ಯವಾಗಿ ಎರಡು ಬೀಜಗಳು ಮುಖಕ್ಕೆ ಮುಖ ಒತ್ತಿಕೊಂಡು ಬೆಳೆಯುತ್ತವೆ. ಹಾಗಾಗಿ ಪ್ರತಿ ಬೀಜಕ್ಕೂ ನಡುವೆ ಗೀರಿರುವ ಒಂದು ಚಪ್ಪಟೆ ಮುಖ, ಒಂದು ಉಬ್ಬಿದ ಮುಖ. 'ನೋಡಿ, ನಾಣ್ಯದಂತೆ ಇದಕ್ಕೂ ಎರಡೇ ಮುಖ. ಮೇಜಿನ ಮೇಲೆ ಎಸೆದರೆ ಚಪ್ಪಟೆ ಮುಖ ಮೇಲಾಗಿ ಬೀಳುವ ಸಂಭವನೀಯತೆ ಎಷ್ಟು?' ಎಂದು ಕೇಳಿದೆ. ಇಡೀ ತರಗತಿ ಒಕ್ಕೊರಲಿನಿಂದ 'ಅರ್ಧ ಮೇಡಂ!' ಎಂದಿತು. ಸರಿ, ಎಸೆಯಿರಿ ಎಂದೆ.

ಕಪ್ಪುಹಲಗೆಯ ಮೇಲೆ ಎರಡು ಕಂಬ ಬರೆದೆವು, ಚಪ್ಪಟೆ ಮತ್ತು ಉಬ್ಬು. ಮಕ್ಕಳು ಎಸೆದು ಕೂಗುವುದು, ಒಬ್ಬ ಹುಡುಗ ಹಲಗೆಯ ಮೇಲೆ ಗೀಟು ಎಳೆಯುವುದು, ನಾಲ್ಕು ಗೀಟಿಗೆ ಅಡ್ಡವಾಗಿ ಐದನೆಯದು. ಮೊದಮೊದಲು ಎರಡು ಕಂಬಗಳೂ ಜೊತೆಜೊತೆಗೇ ಇಳಿದವು. ಆಮೇಲೆ ಒಂದು ಕಂಬ ಮುಂದಕ್ಕೆ ಹೋಯಿತು. ಇನ್ನಷ್ಟು ಎಸೆದಾಗ ಅದು ಹಲಗೆಯ ಕೆಳಗಿನ ಪಟ್ಟಿ ಮುಟ್ಟಿತು, ಇನ್ನೊಂದು ಹಿಂದೆಯೇ ಉಳಿಯಿತು. ಗೀಟು ಎಳೆಯುತ್ತಿದ್ದವನಿಗೆ ಕೋಪ. 'ಮೇಡಂ, ಇವರ ಬೀಜ ಸರಿಯಿಲ್ಲ' ಎಂದು ತನ್ನ ಮನೆಯ ಬೀಜ ತಂದು ಎಸೆದ. ಅದೂ ಅದೇ ಕಂಬಕ್ಕೇ ಹೋಗಿ ಸೇರಿತು. ನಡುವೆ ಒಂದು ಬೀಜ ಮೇಜಿನಿಂದ ಉರುಳಿ ಬೆಂಚಿನ ಕೆಳಗೆ ಹೋಯಿತು. ತೆಗೆದು ನೋಡಿದರೆ ದುಂಡಗಿನ ಪೀಬೆರಿ, ಹಣ್ಣಿನಲ್ಲಿ ಒಂಟಿಯಾಗಿ ಬೆಳೆದ ಬೀಜ. ಚಪ್ಪಟೆ ಮುಖವೇ ಇಲ್ಲ. 'ಇದನ್ನು ಯಾವ ಕಂಬದಲ್ಲಿ ಬರೆಯುವುದು?' ಎಂದು ಜಗಳ ಶುರುವಾಯಿತು. 'ಪೀಬೆರಿಗೆ ರೇಟೇ ಬೇರೆ, ಅದನ್ನು ಲೆಕ್ಕಕ್ಕೆ ಸೇರಿಸಬಾರದು' ಎಂದು ಪ್ಲಾಂಟರ್ ಮನೆಯ ಹುಡುಗಿಯೊಬ್ಬಳು ತೀರ್ಪು ಕೊಟ್ಟಳು. ಕಾರಣ ಸರಿಯಲ್ಲದಿದ್ದರೂ ತೀರ್ಪು ಸರಿಯೇ!

ಯಾವ ಮುಖ ಹೆಚ್ಚು ಬಿತ್ತು ಎಂದು ನಿಮಗೆ ಹೇಳುವುದಿಲ್ಲ. ಹೇಳಿದರೆ ಮೇಷ್ಟ್ರುಗಳು ಅದನ್ನು ನೋಟ್ಸಿನಲ್ಲಿ ಬರೆಸಿಬಿಡುತ್ತಾರೆ. ಎಸೆದು ನೋಡಿ.

ಆ ದಿನದ ಒಳ್ಳೆಯ ಪ್ರಶ್ನೆ ಬಂದದ್ದು ಕೊನೆಯ ಬೆಂಚಿನಿಂದ. 'ಮೇಡಂ, ಬೀಜ ಹೀಗೆ ಮಾಡಿದರೆ ನಾಣ್ಯವೂ ಮಾಡಬಹುದಲ್ಲ? ಅದು ಅರ್ಧ ಎಂದು ಯಾರು ನೋಡಿದ್ದಾರೆ?' ನೋಡಿದವರಿದ್ದಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಡೆನ್ಮಾರ್ಕಿನಲ್ಲಿ ಬಂಧನದಲ್ಲಿದ್ದ ಗಣಿತಜ್ಞ ಜಾನ್ ಕೆರಿಚ್ ಹೊತ್ತು ಹೋಗದೆ 10,000 ಸಲ ನಾಣ್ಯ ಚಿಮ್ಮಿಸಿ ಲೆಕ್ಕ ಇಟ್ಟ. ಶಿರ, ಅಂದರೆ ಹೆಡ್, ಬಿದ್ದದ್ದು 5,067 ಸಲ. ಅರ್ಧಕ್ಕೆ ಎಷ್ಟು ಹತ್ತಿರ ನೋಡಿ. ನಾಣ್ಯದ ಎರಡು ಮುಖಗಳನ್ನು ಸಮವೆಂದು ಇಟ್ಟುಕೊಂಡು ಲೆಕ್ಕ ಮಾಡಬಹುದು, ಕಾಫಿ ಬೀಜದ ಮುಖಗಳನ್ನು ಹಾಗೆ ಇಟ್ಟುಕೊಳ್ಳುವಂತಿಲ್ಲ. ಪಠ್ಯಪುಸ್ತಕದಲ್ಲಿ 'ಸಮ ಸಂಭವನೀಯ ಫಲಿತಗಳು' ಎಂದು ಒಂದು ಸಾಲು ಇರುತ್ತದಲ್ಲ, ನಾವು ಓಡಿಸಿಕೊಂಡು ಹೋಗುವ ಸಾಲು, ಅದರ ಅರ್ಥ ಇಷ್ಟೇ.

ನಮ್ಮ ಕೊಡವ ಕುಟುಂಬಗಳ ಹಾಕಿ ಹಬ್ಬವನ್ನೇ ತೆಗೆದುಕೊಳ್ಳಿ. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ನಲ್ಲಿ 360 ಕುಟುಂಬಗಳ ತಂಡಗಳಿದ್ದವು. ಎಲ್ಲ ಹೆಸರುಗಳನ್ನೂ ಒಂದೇ ಅಳತೆಯ ಚೀಟಿಗಳಲ್ಲಿ ಬರೆದು, ಡಬ್ಬಿಯಲ್ಲಿ ಚೆನ್ನಾಗಿ ಕುಲುಕಿ, ಕಣ್ಣು ಮುಚ್ಚಿ ಒಂದನ್ನು ಎತ್ತಿದರೆ ನಿಮ್ಮ ಮನೆತನದ ಹೆಸರು ಬರುವ ಸಂಭವನೀಯತೆ 1/360. ಹಾಗೆಂದು ನಿಮ್ಮ ತಂಡ ಕಪ್ ಗೆಲ್ಲುವ ಸಂಭವನೀಯತೆಯೂ 1/360 ಎಂದರೆ ಮೈದಾನದಲ್ಲಿ ಕುಳಿತ ಅಜ್ಜಂದಿರು ನಕ್ಕಾರು. ಚೀಟಿಗಳು ಸಮ, ತಂಡಗಳು ಸಮವಲ್ಲ.

ಮಕ್ಕಳು ಇಲ್ಲಿ ಎಡವಿದರೆ ದಯವಿಟ್ಟು ರೇಗಬೇಡಿ. ಫ್ರಾನ್ಸಿನ ದೊಡ್ಡ ಗಣಿತಜ್ಞ ದಲಾಂಬೇರ್ ಕೂಡ ಇಲ್ಲೇ ಎಡವಿದ್ದ. ನಾಣ್ಯವನ್ನು ಎರಡು ಸಲ ಚಿಮ್ಮಿಸಿದರೆ ಒಮ್ಮೆಯಾದರೂ ಶಿರ ಬೀಳುವ ಸಂಭವನೀಯತೆ ಎಷ್ಟು? ಮೊದಲನೆಯದೇ ಶಿರ ಬಿದ್ದರೆ ಆಟ ಮುಗಿಯಿತು. ಇಲ್ಲವಾದರೆ ಪುಚ್ಛ ಆಮೇಲೆ ಶಿರ. ಅಥವಾ ಎರಡೂ ಪುಚ್ಛ. ಒಟ್ಟು ಮೂರು, ಆದ್ದರಿಂದ 2/3 ಎಂದು 1754ರಲ್ಲಿ ವಿಶ್ವಕೋಶದಲ್ಲೇ ವಾದಿಸಿದ. ಸರಿಯಾದ ಉತ್ತರ 3/4. ಅವನ ಮೂರು ಸಮವಾಗಿರಲಿಲ್ಲ: ಮೊದಲನೆಯದರ ಪಾಲು ಅರ್ಧ, ಉಳಿದ ಎರಡರ ಪಾಲು ಕಾಲು ಕಾಲು.

ನನಗೆ ಕೊಟ್ಟ ಸಮಯವನ್ನು ಕಾಫಿ ಬೀಜವೇ ತಿಂದುಬಿಟ್ಟಿತು. ಉಳಿದದ್ದನ್ನು ಬೇಗ ಹೇಳುತ್ತೇನೆ. ಸಂಭವನೀಯತೆ ಸೊನ್ನೆಗಿಂತ ಕಡಿಮೆ ಇರುವುದಿಲ್ಲ, ಒಂದಕ್ಕಿಂತ ಹೆಚ್ಚಿರುವುದಿಲ್ಲ. 7/5 ಎಂದು ಉತ್ತರ ಬಂದರೆ ಅದಕ್ಕೆ ಎರಡು ಗೆರೆ ಎಳೆಯುವ ಬದಲು ಮತ್ತೊಮ್ಮೆ ಎಣಿಸಿ. ದಾಳದಲ್ಲಿ ಐದು ಬೀಳದಿರುವ ಸಂಭವನೀಯತೆ ಬೇಕಾದರೆ ಒಂದರಿಂದ 1/6 ಕಳೆಯಿರಿ, 5/6. ಅವಿಭಾಜ್ಯ ಸಂಖ್ಯೆ ಬೀಳುವ ಸಂಭವನೀಯತೆ ಕೇಳಿದರೆ 2, 3, 5 ಮಾತ್ರ ಎಣಿಸಿ. 1 ಅವಿಭಾಜ್ಯವಲ್ಲ, ಎಷ್ಟು ಸಲ ಹೇಳುವುದು!

ತಂದೆತಾಯಿಯರಿಗೆ ಒಂದು ಕೋರಿಕೆ. ಮಕ್ಕಳು ಮನೆಯಲ್ಲಿ ದಾಳ ಹಿಡಿದು ಕುಳಿತರೆ 'ಪರೀಕ್ಷೆ ಹತ್ತಿರ ಬಂತು, ಆಟ ಸಾಕು' ಎನ್ನಬೇಡಿ. ಒಂದು ಹಾಳೆ ಕೊಡಿ, ಬಿದ್ದದ್ದನ್ನೆಲ್ಲ ಬರೆದಿಟ್ಟುಕೊಳ್ಳಲಿ. ಲೂಡೊ ಡಬ್ಬಿಯ ದಾಳದ ಮೂಲೆ ಸವೆದಿದ್ದರೆ ಅದನ್ನೂ ಎಸೆಯಬೇಡಿ, ಹೊಸದೊಂದು ತಂದು ಎರಡನ್ನೂ ಉರುಳಿಸಿ ನೋಡಲಿ. ನಮಸ್ಕಾರ.