ಇಪ್ಪತ್ತಾರನೆಯ ದಿನ ಬಂದ ಕಾಗದ

ಕೇಳುಗ ಬಂಧುಗಳಿಗೆ ನಮಸ್ಕಾರ.

ಮಡಿಕೇರಿಯಲ್ಲಿ ವಕೀಲಿ ವೃತ್ತಿ ನಡೆಸುತ್ತಿರುವ ನನ್ನ ಕಚೇರಿಗೆ ಕೆಲವು ವರ್ಷಗಳ ಹಿಂದೆ, ಕಾಫಿ ಕೊಯ್ಲಿನ ದಿನಗಳಲ್ಲಿ, ಒಬ್ಬ ತಂದೆ ತಮ್ಮ ಮಗಳನ್ನು ಕರೆದುಕೊಂಡು ಬಂದರು. ಹೊರದೇಶದ ಕೂಟವೊಂದರಲ್ಲಿ ಆಡಬೇಕಾಗಿದ್ದ ಆ ಹುಡುಗಿಯನ್ನು ಒಂದು ಕ್ರೀಡಾ ಸಂಸ್ಥೆ ಅನರ್ಹಗೊಳಿಸಿತ್ತು. ನಾಲ್ಕಾಗಿ ಮಡಿಸಿದ್ದ ಎರಡು ಪುಟಗಳ ಆದೇಶವನ್ನು ಅವರು ಅಂಗಿಯ ಜೇಬಿನಿಂದ ತೆಗೆದು ಮೇಜಿನ ಮೇಲೆ ಹರಡಿದರು. ಮೇಲ್ಮನವಿಗೆ 21 ದಿನಗಳ ಅವಧಿ ಎಂಬ ಸಾಲು ಎರಡನೆಯ ಪುಟದ ತಳದಲ್ಲಿತ್ತು. ಅಂದು 26ನೆಯ ದಿನ. "ಸಂಸ್ಥೆಯವರ ಹತ್ತಿರವೇ ಮಾತಾಡಿ ನೋಡೋಣ ಅಂತ ಕಾದೆವು ಸಾರ್" ಎಂದರು.

ಕೊಡಗಿನ ಹಳೆಯ ಭೂ ಹಿಡುವಳಿಯಾದ ಜಮ್ಮಾ ಜಾಗದ ದಾವೆಗಳಲ್ಲಿ ಪಳಗಿದ ನನಗೆ, ವಿಳಂಬ ಮನ್ನಿಸಬೇಕೆಂದು ಕೋರಿ ಒಂದು ಅರ್ಜಿ ಹಾಕಿದರೆ ಆಯಿತಲ್ಲ ಎಂದು ಮೊದಲು ಅನ್ನಿಸಿತು. ಅಂತಹ ಅರ್ಜಿಗೆ ಕ್ರೀಡಾ ವ್ಯಾಜ್ಯದ ಮೇಲ್ಮನವಿಯಲ್ಲಿ ಎಡೆಯೇ ಇಲ್ಲವೆಂದು ತಿಳಿದುಕೊಳ್ಳಲು ನನಗೆ ಎರಡು ರಾತ್ರಿಗಳ ಓದು ಬೇಕಾಯಿತು. ಆ ಹುಡುಗಿಗೆ ನಾನು ಏನನ್ನೂ ಮಾಡಿಕೊಡಲಾಗಲಿಲ್ಲ.

ಇಂತಹ ವ್ಯಾಜ್ಯಗಳು ಹೋಗುವುದು ಸ್ವಿಟ್ಜರ್ಲೆಂಡಿನ ಲೂಸಾನ್ ನಗರದಲ್ಲಿ 1984ರಲ್ಲಿ ಆರಂಭವಾದ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯಕ್ಕೆ. ನ್ಯಾಯಾಲಯವೆಂಬ ಹೆಸರಿದ್ದರೂ ಅದು ಯಾವ ಸರ್ಕಾರಕ್ಕೂ ಸೇರಿದ್ದಲ್ಲ. ಮೇಲ್ಮನವಿಗಳಲ್ಲಿ ಸಾಮಾನ್ಯವಾಗಿ ಮೂವರು ಮಧ್ಯಸ್ಥಗಾರರು ಕುಳಿತುಕೊಳ್ಳುತ್ತಾರೆ. ಎರಡು ಕಡೆಯವರೂ ತಲಾ ಒಬ್ಬರ ಹೆಸರನ್ನು ಸೂಚಿಸುತ್ತಾರೆ. ಕ್ರೀಡಾ ಸಂಸ್ಥೆಯ ನಿಯಮಗಳಲ್ಲಿ ಬೇರೆ ಅವಧಿ ಹೇಳಿರದಿದ್ದರೆ 21 ದಿನಗಳೇ ಗಡುವು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಿಂದೀಚೆಗೆ ಕ್ರೀಡಾಕೂಟ ನಡೆಯುವ ಊರಿನಲ್ಲೇ ಇದರ ತಾತ್ಕಾಲಿಕ ವಿಭಾಗವೂ ಕೆಲಸ ಮಾಡುತ್ತಿದ್ದು, ಸಾಧ್ಯವಾದಷ್ಟು 24 ಗಂಟೆಗಳೊಳಗೆ ತೀರ್ಮಾನ ನೀಡುತ್ತದೆ. 2024ರಲ್ಲಿ ಪ್ಯಾರಿಸ್ಸಿನಲ್ಲಿ ಕುಸ್ತಿಪಟು ವಿನೇಶ್ ಫೋಗಟ್ ಅವರ ಅರ್ಜಿಯನ್ನು ಕೇಳಿದ್ದೂ ಆ ವಿಭಾಗವೇ.

ನಮ್ಮಲ್ಲಿ ಊರ ತಕ್ಕರು, ಅಂದರೆ ಊರಿನ ಹಿರಿಯ ಮುಖಂಡರು, ಕುಳಿತು ಜಗಳ ತೀರಿಸುತ್ತಿದ್ದ ಪದ್ಧತಿಯನ್ನು ಬಲ್ಲವರಿಗೆ ಮಧ್ಯಸ್ಥಿಕೆ ಹೊಸದಲ್ಲ. ಆದರೆ ತಕ್ಕರ ಮಾತಿಗೆ ತೂಕ ಬರುತ್ತಿದ್ದುದು ಅವರು ಎರಡು ಮನೆಗಳನ್ನೂ ಬಲ್ಲವರಾಗಿದ್ದುದರಿಂದ. ಕ್ರೀಡಾ ಮಧ್ಯಸ್ಥಗಾರರಾದರೋ ತಮಗಿರುವ ಪರಿಚಯ, ನಂಟು, ಹಿಂದೆ ಆಡಿದ ಮಾತು ಎಲ್ಲವನ್ನೂ ಮೊದಲೇ ಬಯಲಿಗಿಡಬೇಕು. ಚೀನಾದ ಈಜುಗಾರ ಸುನ್ ಯಾಂಗ್ ಅವರಿಗೆ 2020ರ ಫೆಬ್ರವರಿಯಲ್ಲಿ 8 ವರ್ಷಗಳ ನಿಷೇಧ ವಿಧಿಸಿದ್ದ ಐತೀರ್ಪನ್ನು, ಅಂದರೆ ಮಧ್ಯಸ್ಥಗಾರರ ತೀರ್ಪನ್ನು, ಸ್ವಿಟ್ಜರ್ಲೆಂಡಿನ ಸರ್ವೋಚ್ಚ ನ್ಯಾಯಾಲಯವು ಅದೇ ಡಿಸೆಂಬರಿನಲ್ಲಿ ರದ್ದುಪಡಿಸಿತು. ಪೀಠದ ಅಧ್ಯಕ್ಷರು ಟ್ವಿಟರ್‌ನಲ್ಲಿ ಬರೆದಿದ್ದ ಮಾತುಗಳು ಅವರ ನಿಷ್ಪಕ್ಷಪಾತದ ಬಗ್ಗೆ ಸಂದೇಹ ಹುಟ್ಟಿಸುವಂತಿದ್ದವು. 2021ರಲ್ಲಿ ಬೇರೆ ಪೀಠ ಮತ್ತೆ ವಿಚಾರಿಸಿ 4 ವರ್ಷ 3 ತಿಂಗಳ ನಿಷೇಧ ವಿಧಿಸಿತು. ಅದೇ ಪ್ರಕರಣದ 2019ರ ಬಹಿರಂಗ ವಿಚಾರಣೆಯಲ್ಲಿ ಭಾಷಾಂತರ ಎಷ್ಟು ಎಡವಿತೆಂದರೆ, ಕೇಳಿದ ಪ್ರಶ್ನೆಯೊಂದು, ಬಂದ ಉತ್ತರವೊಂದು ಎನ್ನುವಂತಾಗಿತ್ತು. ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್ ಭಾಷೆಗಳಲ್ಲಿ ನಡೆಯುವ ಈ ನ್ಯಾಯಾಲಯದ ವಿಚಾರಣೆಯ ಎದುರು, ಮನೆಯಲ್ಲಿ ಕೊಡವ ತಕ್ಕ್, ಶಾಲೆಯಲ್ಲಿ ಕನ್ನಡ ಆಡುವ ನಮ್ಮ ಮಕ್ಕಳು ನಿಂತರೆ ಅವರ ಮಾತನ್ನು ಸರಿಯಾಗಿ ದಾಟಿಸುವವರು ಯಾರು?

ಒಡಿಶಾದ ಓಟಗಾರ್ತಿ ದ್ಯುತಿ ಚಾಂದ್ 2015ರಲ್ಲಿ ಇದೇ ಲೂಸಾನಿನ ಪೀಠದ ಮುಂದೆ ಗೆದ್ದರು. ಮಹಿಳಾ ಅಥ್ಲೀಟುಗಳ ಹಾರ್ಮೋನ್ ಮಟ್ಟಕ್ಕೆ ಮಿತಿ ಹಾಕಿದ್ದ ನಿಯಮವನ್ನೇ ಪೀಠ ಅಮಾನತಿನಲ್ಲಿಟ್ಟಿತು. ಶುಲ್ಕ ಪಡೆಯದೆ ಅವರ ಪರ ವಾದಿಸಿದ ವಕೀಲರು ಕೆನಡಾದವರು. ಆ ಉಪಕಾರವನ್ನು ನಾನು ಗೌರವದಿಂದ ನೆನೆಯುತ್ತೇನೆ. ಆದರೂ ಎಂ. ಪಿ. ಗಣೇಶ್, ಎಂ. ಎಂ. ಸೋಮಯ್ಯ ಅವರಂಥ ಹಾಕಿ ಒಲಿಂಪಿಯನ್ನರನ್ನು ಕೊಟ್ಟ ನಾಡಿನಲ್ಲಿ, 1997ರಿಂದ ನೂರಾರು ಕುಟುಂಬಗಳು ಹಾಕಿ ಹಬ್ಬ ಆಡಿಕೊಂಡು ಬಂದಿರುವ ಜಿಲ್ಲೆಯಲ್ಲಿ, ಕ್ರೀಡಾ ಮಧ್ಯಸ್ಥಿಕೆಯ ಈ ವಿದ್ಯೆ ಬಲ್ಲ ನಾಲ್ಕು ಜನರಾದರೂ ಇರಬೇಡವೇ?

ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಗಳ ಕಿರಿಯ ವಕೀಲರು, ನಿವೃತ್ತ ಆಟಗಾರರು, ಅಂಪೈರುಗಳು ಒಟ್ಟಿಗೆ ಕುಳಿತು ಕಲಿಯಬೇಕು. ಉಪನ್ಯಾಸಗಳಷ್ಟರಿಂದ ಈ ತರಬೇತಿ ಆಗದು. ಒಬ್ಬರು ಆಟಗಾರರ ಪರ, ಒಬ್ಬರು ಸಂಸ್ಥೆಯ ಪರ, ಮೂವರು ಪೀಠದಲ್ಲಿ ಕುಳಿತು ಅಣಕು ವಿಚಾರಣೆ ನಡೆಸಬೇಕು. ಉದ್ದೀಪನ ಮದ್ದಿನ ಪರೀಕ್ಷೆ ನಡೆಸಿದ ಪ್ರಯೋಗಾಲಯದ ವರದಿಯನ್ನು ಸಾಲು ಸಾಲಾಗಿ ಓದಬೇಕು. ಕೊನೆಗೆ ಕಾರಣಸಹಿತ ಐತೀರ್ಪನ್ನು ಬರೆಯಬೇಕು.

ಅಂತಹ ತರಗತಿ ಆರಂಭವಾದ ದಿನ, ಆ ತಂದೆಯ ಒಪ್ಪಿಗೆ ಪಡೆದು, ಹೆಸರುಗಳನ್ನು ಮುಚ್ಚಿ, ಆ ಎರಡು ಪುಟಗಳನ್ನೇ ಮೊದಲ ಪಾಠವಾಗಿ ಎಲ್ಲರ ಕೈಗೂ ಕೊಡುತ್ತೇನೆ. ಆದೇಶ ಕೈಗೆ ಬಂದ ತಾರೀಖನ್ನು ಮೇಲ್ತುದಿಯಲ್ಲಿ ಬರೆದುಕೊಂಡ ಮೇಲೆಯೇ ಓದು ಆರಂಭಿಸಲಿ.

ನಮಸ್ಕಾರ.